ಇಬ್ಬರಿಗೂ ಹೇಳಿದ ಒಂದೇ ಸುಳ್ಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನ ಬೆಂಚುಗಳನ್ನು ಪಕ್ಕಕ್ಕೆ ಎಳೆದು, ಮಂಡಿಯೂರಿ ನೆಲ ಒರೆಸುತ್ತಿರುವ ಹೆಂಗಸು ಗೊಣಗುತ್ತಿದ್ದಾರೆ. ಬೆಂಚಿನಡಿ ಯಾರೋ ಚ್ಯೂಯಿಂಗ್ ಗಮ್ ಅಂಟಿಸಿ ಹೋಗಿದ್ದಾರೆ. “ಪ್ರಾರ್ಥನೇಲಿ ಕಣ್ಣೇನೋ ಮುಚ್ಚಿರ್ತಾರೆ. ಕೈ ನೋಡಿ, ಎಲ್ಲೆಲ್ಲಿ ಓಡಾಡುತ್ತೆ!”

ಸಭೆಯವರಿಗೆಲ್ಲ ಇವರು ಬೀಗದಕೈ ಅಕ್ಕ. ಬಾಗಿಲು ತೆರೆಯುವುದು, ಗುಡಿಸುವುದು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಪುಟ್ಟ ಲೋಟಗಳನ್ನು ತೊಳೆದಿಡುವುದು ಸಂಬಳದ ಕೆಲಸ. ಸಂಬಳವಿಲ್ಲದ್ದು ಇನ್ನೊಂದಿದೆ. ತನ್ನನ್ನು ತಾನು ಪರೀಕ್ಷಿಸಿಕೊಳ್ಳದೆ, ಒಳಗೆ ದ್ವೇಷ ಇಟ್ಟುಕೊಂಡು ಆ ರೊಟ್ಟಿಯನ್ನು ಮುಟ್ಟಬಾರದು. ಹಾಗಾಗಿ ಜಗಳವಾಡಿದವರು ಹಿಂದಿನ ಬೆಂಚಿನಲ್ಲೇ ಉಳಿದುಬಿಡುತ್ತಾರೆ. ಅಂಥವರ ಮನೆಗಳಿಗೆ ಅಕ್ಕ ಹೋಗುತ್ತಾರೆ. ಕರೆದವರಿಲ್ಲ, ಕೂರಿ ಎನ್ನುವವರೂ ಕಡಿಮೆ.

“ನಿಮಗ್ಯಾಕೆ ಊರ ಉಸಾಬರಿ ಅಂತಾರೆ. ನನಗೇನು ಹುಚ್ಚಾ? ಆದ್ರೆ ಅವರು ಹಿಂದೆ ಮುಖ ಸಣ್ಣ ಮಾಡ್ಕೊಂಡು ಕೂತಿದ್ರೆ ನನಗೆ ಊಟ ಇಳಿಯಲ್ಲ.”

ಈಚೆಗೆ ಅಕ್ಕನ ಪ್ರಾಣ ಹಿಂಡಿದವರು ಒಬ್ಬ ವೆಲ್ಡರ್ ಮತ್ತು ಅವನ ತಮ್ಮ, ಪೇಂಟರ್. ಮನೆ ಒಂದೇ, ಒಲೆ ಎರಡು. ನಡುವಿನ ಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿ. ತಮ್ಮ ಕೇಳದೆ ಅಣ್ಣನ ಏಣಿ ಒಯ್ದ, ಮೆಟ್ಟಿಲು ಮುರಿದು ತಂದಿಟ್ಟ, ತುಟಿ ಬಿಚ್ಚಲಿಲ್ಲ. ಇಷ್ಟೇ ಕಥೆ! ಅಂದಿನಿಂದ ಮಾತಿಲ್ಲ. ಪಾಸ್ಟರ್ ಹಾಸಿಗೆಯ ಬಳಿಗೇ ತರುವ ರೊಟ್ಟಿಯನ್ನು ತಾಯಿಯೂ ಬಿಟ್ಟರು. “ಮೊದಲು ಆ ಎರಡು ಕತ್ತೆಗಳು ತಗೊಳ್ಳಲಿ.” ಆಕೆಗೆ ಉಳಿದಿರುವುದು ಕೆಲವೇ ದಿನ ಎಂದು ಡಾಕ್ಟರು ಹೇಳಿಯಾಗಿತ್ತು.

ಅಕ್ಕ ಆ ಬಾಗಿಲಿಂದ ಈ ಬಾಗಿಲಿಗೆ ಅಲೆದರು. ಅಲ್ಲಿ “ಅವನೇ ಬರಲಿ”, ಇಲ್ಲೂ “ಅವನೇ ಬರಲಿ”. ಮಕ್ಕಳ ಜಗಳ ಬಿಡಿಸಿ ಸುಸ್ತಾದವರಿಗೆ ಗೊತ್ತು, ಅಂಥ ಹೊತ್ತಿನಲ್ಲಿ ಬಾಯಿಗೆ ಬಂದದ್ದನ್ನು ಹೇಳಿ ಮುಗಿಸುತ್ತೇವೆ. ಅಕ್ಕನೂ ಹೇಳಿಬಿಟ್ಟರು: “ನಿನ್ ತಮ್ಮ ತಪ್ಪಾಯ್ತು ಅಂತಾನಂತೆ, ಚರ್ಚಿಗೆ ಬಾ.” ಪೇಂಟರ್‌ಗೂ ಅದೇ ಮಾತು, ತಮ್ಮನ ಬದಲು ಅಣ್ಣ.

ಇಬ್ಬರೂ ಬಂದರು. ಎದೆಯುಬ್ಬಿಸಿ ನಿಂತರು.

“ಹೂಂ, ಹೇಳು” ಎಂದ ಅಣ್ಣ.

“ನಾನ್ಯಾಕೆ? ನೀನ್ ತಾನೆ ಹೇಳ್ಬೇಕಿರೋದು!”

“ನಾನಾ? ಏಣಿ ಮುರಿದೋನು ಯಾರೋ?”

ಮುಂದಿನದನ್ನು ಪಕ್ಕದ ಬೀದಿಯವರೂ ಕೇಳಿಸಿಕೊಂಡರು.

ನೆಲ ಒರೆಸಿದ ಮೇಲೆ ಅಕ್ಕ ದಿನವೂ ಒಂದಿಷ್ಟು ಹೊತ್ತು ಬೆಂಚಿನ ತುದಿಯಲ್ಲಿ ಕೂರುತ್ತಾರೆ. “ಸೊಂಟ ನೋವು ಅಂದ್ಕೋತಾರೆ ಪಾಸ್ಟರ್. ಅದೂ ಇದೆ ಅನ್ನಿ. ಆದ್ರೆ ಒಳಗೆ ವಿಚಾರಣೆ ನಡೀತಿರುತ್ತೆ.” ಜಗಳದ ಮರುದಿನ ಆ ವಿಚಾರಣೆಯಲ್ಲಿ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. “ಅವರ ಆತ್ಮ ಉಳಿಸೋಕೆ ಹೋಗಿ ನಾನು ಸುಳ್ಳು ಹೇಳಿದ್ದೆ. ಅದೂ ಅವರ ಮೇಲಿನ ಪ್ರೀತಿಗಲ್ಲ. ಅಲೆದು ಬೇಜಾರಾಗಿತ್ತು, ಒಮ್ಮೆ ಮುಗಿದ್ರೆ ಸಾಕಾಗಿತ್ತು.”

ನೆಟ್ಟಗೆ ಆ ಮನೆಗೆ ಹೋದರು. ತಾಯಿಯ ಮಂಚದ ಬಳಿ ಇಬ್ಬರನ್ನೂ ಕರೆದು, ಸುಳ್ಳು ನನ್ನದು, ತಪ್ಪಾಯಿತು ಎಂದರು.

ಅಣ್ಣ ತಮ್ಮನ ಕಡೆ ತಿರುಗಿದ. “ಕೇಳಿದೆಯೇನೋ? ಇವಳದೇ ಕಿತಾಪತಿ!”

“ನನಗೆ ಆಗಲೇ ಡೌಟು ಬಂದಿತ್ತಣ್ಣ!”

ಇಬ್ಬರೂ ಅಕ್ಕನನ್ನು ಬಾಯಿಗೆ ಬಂದಂತೆ ಬೈದರು. ಒಬ್ಬ ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬ ಮುಂದುವರಿಸಿದ. ಮಂಚದ ಮೇಲೆ ತಾಯಿ ಕೆಮ್ಮುತ್ತಲೇ ನಕ್ಕರು. ಆ ನಗು ಕೇಳಿಯೇ ಇರಬೇಕು, ಬೈಗುಳ ನಿಂತಿತು. “ಏಣಿ ನಾನೇ ಮುರಿದೆ ಕಣಣ್ಣ” ಎಂದ ತಮ್ಮ. ಅಣ್ಣ ತಾಯಿಯ ಹೊದಿಕೆ ಸರಿಮಾಡುತ್ತಾ, “ಹೋಗ್ಲಿ ಬಿಡೋ, ಬೆಸುಗೆ ಹಾಕ್ತೀನಿ” ಎಂದ.

ಆ ಭಾನುವಾರ ಅಣ್ಣ ತಮ್ಮ ಒಟ್ಟಿಗೆ ಮುಂದೆ ಹೋಗಿ ಭೋಜನ ತೆಗೆದುಕೊಂಡರು. ಮಧ್ಯಾಹ್ನ ಪಾಸ್ಟರ್ ರೊಟ್ಟಿ ಹಿಡಿದು ಮಂಚದ ಬಳಿ ಹೋದಾಗ ತಾಯಿ ತಾವೇ ಬಾಯಿ ತೆರೆದರಂತೆ.

ಮತ್ತೆ ಅಕ್ಕ?

“ನಾನೆಲ್ಲಿ ತಗೊಳ್ಳಲಿ! ಏನ್ ಬೈಗುಳ ಅವು, ಅಬ್ಬಾ! ಅವರ ಮೇಲೆ ಕೆಂಡದಂಥ ಸಿಟ್ಟಿತ್ತು, ಹಿಂದೆ ಕೂತೆ.” ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕುತ್ತಾರೆ. “ಈಗ ಸ್ವಲ್ಪ ಇಳಿದಿದೆ. ಪೂರ್ತಿ ಇಳಿಯಲಿ ಅಂತ ನೀವೂ ಒಂದು ಪ್ರಾರ್ಥನೆ ಮಾಡಿ.”