ಚಂದ್ರುವಿನ ಪೆಡಲ್, ನನ್ನ ಹೊಟ್ಟೆಕಿಚ್ಚು

ಕಳೆದ ಭಾನುವಾರ ಮೂವತ್ತು ವರ್ಷಗಳಿಂದ ಗೆಳೆಯನಾಗಿರುವವನಿಗೆ ಒಂದು ಸುಳ್ಳು ಹೇಳಿದೆ. ಅದೂ ಅವನ ಮನೆಯ ಉಪ್ಪಿಟ್ಟು ತಿನ್ನುತ್ತಾ.

ಗೆಳೆಯನ ಹೆಸರು ಚಂದ್ರು, ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಒಂದು ಕಾಲದಲ್ಲಿ ಅವನೂ ನಾನೂ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸುತ್ತಿದ್ದೆವು. ಅವನು ಅವನ ಊರಿನ ತಂಡದಲ್ಲಿ, ನಾನು ಶಿವಮೊಗ್ಗದ ತಂಡದಲ್ಲಿ. ಗಣಪತಿ ಹಬ್ಬಕ್ಕೆ ಎರಡೂ ತಂಡ ಒಂದೇ ಸ್ಟೇಜ್ ಹತ್ತಿದರೆ ಚಪ್ಪಾಳೆ ಯಾರಿಗೆ ಜಾಸ್ತಿ ಬೀಳುತ್ತಿತ್ತು ಅಂತ ನೀವೇ ಊಹಿಸಿ. (ನನಗಲ್ಲ.) ಆಮೇಲೆ ನಾನು ಕೆಲಸ, ಸಂಸಾರ ಅಂತ ಕೋಲು ಕೆಳಗಿಟ್ಟೆ. ಅವನು ಇವತ್ತಿಗೂ ಬಾರಿಸುತ್ತಾನೆ. ಸಾಲದ್ದಕ್ಕೆ ಅವನ ತಲೆಯಲ್ಲಿ ಇನ್ನೂ ಕೂದಲಿದೆ.

"ಓಲ್ಡ್ ಟೌನ್ ಗುಜರಿ ಅಂಗಡೀಲಿ ಒಂದು ಪೆಡಲ್ ಸಿಕ್ತು ಮಾರಾಯ" ಅಂತ ಫೋನ್ ಮಾಡಿದ. "ತುಂಬಾ ಹಳೇದಿರ್ಬೇಕು. ನೀನು ಮೊಬೈಲಲ್ಲಿ ಇಂಥವೆಲ್ಲ ನೋಡ್ತಿರ್ತೀಯಲ್ಲ, ಬಂದು ಎಷ್ಟು ವರ್ಷದ್ದು ಅಂತ ಹೇಳು."

ನೋಡುತ್ತೇನೆ, ನಿಜ. ಜನ ರೀಲ್ಸ್ ನೋಡುವ ಹೊತ್ತಿನಲ್ಲಿ ನಾನು ಹಳೇ ಡ್ರಮ್ ಸಾಮಾನಿನ ಫೋಟೋ ನೋಡುತ್ತೇನೆ. ಬೇಸ್ ಡ್ರಮ್ ಪೆಡಲ್ ಗೊತ್ತಲ್ಲ? ಡ್ರಮ್ಮರ್ ಕಾಲಿನಿಂದ ಒತ್ತುತ್ತಾನೆ, ಒಂದು ಸುತ್ತಿಗೆ ಹೋಗಿ ಎದುರಿನ ದೊಡ್ಡ ಡ್ರಮ್ಮಿಗೆ ಧಮ್ ಅಂತ ಬಡಿಯುತ್ತದೆ. ಅಷ್ಟೇ. ಆ ಅಷ್ಟಕ್ಕೆ ನಾನು ತಿಂಡಿಯನ್ನೂ ತಿನ್ನದೆ ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಹೊರಟು ಭದ್ರಾವತಿ ಬಸ್ ಹತ್ತಿದೆ.

ಚಂದ್ರು ಗೋಣಿಚೀಲ ಬಿಚ್ಚಿದ.

ಈಗಿನವಕ್ಕೆ ಇರುವಂತೆ ಚೈನ್ ಇಲ್ಲ, ಚರ್ಮದ ಪಟ್ಟಿ. ಬಡಿಯುವ ತಲೆ ಪ್ಲಾಸ್ಟಿಕ್ಕಿನದಲ್ಲ, ಉಣ್ಣೆಯ ಉಂಡೆ. ಸ್ಕ್ರೂಗಳ ನೆತ್ತಿಯಲ್ಲಿ ಪ್ಲಸ್ ಗುರುತಿಲ್ಲ, ಒಂದೇ ಗೀಟು. ಸುತ್ತಿಗೆ ಹಿಡಿದಿರುವ ಕಂಬದ ಬುಡ ಉಜ್ಜಿದರೆ, ಪೇಟೆಂಟ್‌ಗೆ ಅರ್ಜಿ ಹಾಕಿದೆ ಅಂತ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ. ಅಂದರೆ ಪೇಟೆಂಟ್ ಕೈಗೆ ಬರುವ ಮೊದಲೇ ತಯಾರಾದದ್ದು, ಆ ಮಾಡೆಲ್ಲಿನ ಮೊದಮೊದಲ ಮಾಲು. ವಿದೇಶದ್ದು. ಕಡಿಮೆ ಅಂದರೂ ಎಪ್ಪತ್ತು ವರ್ಷ. ಇಂಥದ್ದೊಂದನ್ನು ಮುಟ್ಟಿಯಾದರೂ ನೋಡಬೇಕು ಅಂತ ನಾನು ಕಾದಿದ್ದು ಎಷ್ಟು ಕಾಲ! ಇವನಿಗೆ ನಲ್ಲಿಗೊಂದು ವಾಲ್ವ್ ಹುಡುಕಲು ಹೋದಾಗ ಸಿಕ್ಕಿದೆ. ದೇವರಿಗೆ ಕಣ್ಣಿದೆಯಾ?

ಹೊಟ್ಟೆಕಿಚ್ಚು ನಮ್ಮ ವಂಶದ ಕಾಯಿಲೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯವರು ಸ್ಕೂಟರ್ ತಂದ ದಿನ ನಮ್ಮಪ್ಪ ಊಟ ಬಿಟ್ಟಿದ್ದರು. "ಆ ಬಣ್ಣ ನಿಲ್ಲಲ್ಲ ಬಿಡು" ಅಂತ ವಾರವಿಡೀ ಹೇಳಿಕೊಂಡು ಓಡಾಡಿದ್ದರು.

ನಾನು ಮಾಡಿದ್ದೂ ಅದನ್ನೇ.

"ಇದು ಲೋಕಲ್ ಕಾಪಿ ಕಣೋ" ಅಂದೆ. "ಹದಿನೈದೋ ಇಪ್ಪತ್ತೋ ವರ್ಷ ಆಗಿರ್ಬಹುದು. ಒಂದು ಕೆಲ್ಸ ಮಾಡು, ನನ್ನ ಹತ್ರ ಒಂದು ಚೈನ್ ಪೆಡಲ್ ಸುಮ್ನೆ ಬಿದ್ದಿದೆ. ಅದನ್ನ ನೀನಿಟ್ಕೋ, ಇದನ್ನ ನಾನು ಶೋಕೇಸಲ್ಲಿ ಇಟ್ಕೊಳ್ತೀನಿ."

ಅವನು ಒಂದು ಮಾತಾದರೂ ಎದುರಾಡಬಾರದೆ? "ತಗೊಂಡು ಹೋಗು ಮಾರಾಯ, ನಿನಗಿಂತ ಹೆಚ್ಚಾ?" ಅಂದುಬಿಟ್ಟ.

ಬಾಯಿ ಮುಚ್ಚಿಕೊಂಡು ಪೆಡಲ್ ಎತ್ತಿಕೊಂಡು ಬಂದಿದ್ದರೆ ಈ ವಾರದ ಅಂಕಣದಲ್ಲಿ ನಾನು ಬೇರೇನೋ ಬರೆಯುತ್ತಿದ್ದೆ. ಆದರೆ ಸುಳ್ಳು ಹೇಳಿದವನಿಗೆ ಸಾಕ್ಷಿ ಒದಗಿಸುವ ಚಟ. ಪೆಡಲನ್ನು ಮಗುಚಿ ಹಾಕಿದೆ. ಪಾದ ಇಡುವ ಕಬ್ಬಿಣದ ಹಲಗೆಯ ಅಡಿಯಲ್ಲಿ 2146 ಅಂತ ಕುಟ್ಟಿದ್ದರು. ಅಂಕಿಗಳು ಸಾಲು ತಪ್ಪಿದ್ದವು, ನಾಲ್ಕರ ಕಾಲು ಅರ್ಧಕ್ಕೇ ನಿಂತಿತ್ತು.

"ನೋಡಿಲ್ಲಿ, ಇಪ್ಪತ್ತೊಂದು ನಲವತ್ತಾರು. ಸೀರಿಯಲ್ ನಂಬರನ್ನೂ ಕೈಯಲ್ಲೇ ಕುಟ್ಟಿದ್ದಾರೆ. ಫಾರಿನ್ ಕಂಪನಿಯವ್ರು ಹಿಂಗೆ ಮಾಡ್ತಾರಾ?" (ಆ ನಂಬರ್ ನನಗೂ ಒಗಟೇ ಆಗಿತ್ತು. ಆದರೆ ಆ ಹೊತ್ತಿಗೆ ಅನುಕೂಲಕ್ಕೆ ಬಂತು.)

ಕಾಫಿ ತಂದ ಚಂದ್ರುವಿನ ತಾಯಿ ಬಾಗಿಲಲ್ಲೇ ನಿಂತರು. "ಎಷ್ಟಂದ್ಯಪ್ಪಾ?"

ಮತ್ತೊಮ್ಮೆ ಹೇಳಿದೆ. ಲೋಟ ಕೆಳಗಿಟ್ಟು ಒಳಗೆ ಹೋದರು. ಬರುವಾಗ ಕೈಯಲ್ಲಿ ಹಳೆಯ ಟಿಫನ್ ಕ್ಯಾರಿಯರ್. ಅದರ ಮುಚ್ಚಳದ ಮೇಲೂ 2146. ನಾಲ್ಕರ ಕಾಲು ಅಲ್ಲೂ ಅರ್ಧಕ್ಕೇ ನಿಂತಿತ್ತು.

"ಇದು ನಿಮ್ಮಪ್ಪನ ಟೋಕನ್ ನಂಬರ್ ಕಣೋ" ಅಂದರು ಮಗನಿಗೆ.

ಚಂದ್ರುವಿನ ತಂದೆ ಊರಿನ ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ, ಅಂದರೆ ಎರಕದ ವಿಭಾಗದಲ್ಲಿದ್ದವರು. ತೀರಿಕೊಂಡು ಹನ್ನೆರಡು ವರ್ಷವಾಯಿತು. ಆ ಕಾಲದಲ್ಲಿ ಕಾರ್ಖಾನೆಯವರ ಮನೆಗಳಲ್ಲಿ ಹೆಸರಿಗಿಂತ ಕೆಲಸಗಾರನಿಗೆ ಕೊಟ್ಟ ಟೋಕನ್ ನಂಬರೇ ಹೆಚ್ಚು ಓಡುತ್ತಿತ್ತು. ಊಟದ ಡಬ್ಬಿ ಅದಲುಬದಲಾಗದಿರಲಿ ಅಂತ ಅದರ ಮೇಲೆ ನಂಬರ್. ಸೈಕಲ್ ಮೇಲೆ ನಂಬರ್. ಕೆಲವರು ತಾವು ಮಾಡಿದ ಕೆಲಸದ ಮೇಲೂ ಯಾರಿಗೂ ಕಾಣದ ಕಡೆ ಕುಟ್ಟಿಬಿಡುತ್ತಿದ್ದರು.

"ಕಾರ್ಖಾನೆ ಕ್ಲಬ್ಬಿನ ಬ್ಯಾಂಡಿನವ್ರದ್ದು ಕಾಲಿಡೋ ಹಲಗೆ ಮುರ್ದೋಗಿತ್ತು, ಎರಕ ಹುಯ್ದು ಹೊಸದು ಮಾಡ್ಕೊಟ್ಟೆ ಅಂದಿದ್ರು" ಅಂತ ಅಮ್ಮ ನೆನಪಿಸಿಕೊಂಡರು. "ನೀನಾಗ ಇನ್ನೂ ತೊಟ್ಟಿಲಲ್ಲಿದ್ದೆ."

ಪೆಡಲ್ ವಿದೇಶದ್ದು, ಹಲಗೆ ಚಂದ್ರುವಿನ ಅಪ್ಪನದು. ಚಂದ್ರು ಆ ಹಲಗೆಯ ಮೇಲೆ ಅಂಗೈ ಇಟ್ಟ. "ಬೇಜಾರ್ ಮಾಡ್ಕೋಬೇಡ ಮಾರಾಯ, ಇದನ್ನ ಕೊಡಕ್ಕಾಗಲ್ಲ" ಅಂದ. ಕ್ಷಮೆ ಕೇಳಿದ್ದು ಅವನು, ನಾನಲ್ಲ. ಆಮೇಲೆ ಏನೋ ಹೊಳೆದವನಂತೆ, "ನಾನು ತೊಟ್ಟಿಲಲ್ಲಿದ್ದೆ ಅಂದ್ರೆ ಐವತ್ತು ವರ್ಷ ದಾಟ್ತಲ್ಲ. ಹದಿನೈದು ಇಪ್ಪತ್ತು ಹೆಂಗಾಗುತ್ತೆ?" ಅಂದ.

"ನೋಡೋದ್ರಲ್ಲಿ ತಪ್ಪಾಯ್ತು ಕಣೋ" ಅಂದೆ. ಅದು ಎರಡನೇ ಸುಳ್ಳು. ಚಂದ್ರು, ನೀನು ಈ ಅಂಕಣ ಓದುತ್ತೀಯ ಅಂತ ಗೊತ್ತು. ಕಣ್ಣು ಸರಿಯಾಗಿಯೇ ನೋಡಿತ್ತು, ಹೊಟ್ಟೆ ಉರಿಯುತ್ತಿತ್ತು. ನಿನ್ನ ಪೆಡಲ್‌ಗೆ ಎಪ್ಪತ್ತು ದಾಟಿದೆ, ಜೋಪಾನವಾಗಿ ಇಟ್ಟುಕೋ.

ಮನೆಗೆ ಬಂದವನೇ ಅಡುಗೆಮನೆ ಹೊಕ್ಕು ಡಬ್ಬಿ, ತಟ್ಟೆ, ಪಾತ್ರೆ ಎಲ್ಲ ಮಗುಚಿ ನೋಡಿದೆ. ಎಲ್ಲದರ ಮೇಲೂ ನನ್ನ ಮಾವನ ಹೆಸರು. (ಮದುವೆಯಲ್ಲಿ ಕೊಟ್ಟಿದ್ದು.) ನಮ್ಮಪ್ಪ ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಫೈಲಿಗೆ ಸಹಿ ಹಾಕಿದರು, ಆ ಫೈಲುಗಳು ಎಲ್ಲಿವೆಯೋ ಏನೋ. ಪೆಡಲ್ ಹೋದರೆ ಹೋಗಲಿ ಅನ್ನಬಹುದು. ಈಗ ಚಂದ್ರುವಿಗೆ ಸಿಕ್ಕ ಅಪ್ಪನ ಮೇಲೆ ಹೊಟ್ಟೆಕಿಚ್ಚು ಶುರುವಾಗಿದೆ, ಅದು ಇಳಿಯುತ್ತಿಲ್ಲ.

"ಏನ್ರೀ ಹುಡುಕ್ತಿದ್ದೀರಿ?" ಅಂದಳು ಹೆಂಡತಿ.

"ಏನಿಲ್ಲ" ಅಂದೆ.

ನನ್ನ ಮುಖ ನೋಡಿದಳು. "ಆ ಚಂದ್ರು ಮನೇಲಿ ಏನೋ ಚೆನ್ನಾಗಿರೋದು ನೋಡ್ಕೊಂಡು ಬಂದಿದ್ದೀರಿ. ಥೇಟ್ ನಿಮ್ಮಪ್ಪನ ಮುಖ."

ನಮ್ಮಪ್ಪ ನನ್ನ ಮೇಲೆ ಕುಟ್ಟಿಹೋದ ನಂಬರ್ ಇದೇನಾ?