ಅಮ್ಮನ ಹೆಸರಿನ ಮೇಣದಬತ್ತಿ

ಮೊನ್ನೆ ಮಗಳ ಹುಟ್ಟುಹಬ್ಬ. ಕೇಕಿನ ಮೇಲಿನ ಮೇಣದಬತ್ತಿಗಳನ್ನು ಅವಳು ಉಫ್ ಎಂದು ಊದಿದಳು. ಆರಿದ ಬತ್ತಿಯ ಹೊಗೆ ಮೂಗಿಗೆ ಬಡಿದದ್ದೇ ತಡ, ಕೇಕು ಕತ್ತರಿಸುವ ಚಾಕು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ನಿಂತುಬಿಟ್ಟೆ. ಯಜಮಾನರು ಹಿಂದೆಯೇ ಬಂದು, "ಏನಾಯ್ತೇ?" ಎಂದರು. ಏನೆಂದು ಹೇಳಲಿ? ಇಷ್ಟು ವಯಸ್ಸಾಗಿಯೂ ಈ ವಾಸನೆಗೆ ಹೆದರುತ್ತೇನೆ ಎಂದರೆ ನಗುವುದಿಲ್ಲವೇ? ಆದರೆ ಆ ವಾಸನೆಯ ಹಿಂದೆ ಒಬ್ಬರು ನಿಂತಿರುತ್ತಾರೆ... ಬೂದು ಬಣ್ಣದ ನಿಲುವಂಗಿ, ತಲೆಗೆ ಬಿಳಿ ಬಟ್ಟೆ, ಬೆರಳ ತುದಿಯಲ್ಲಿ ಮಸಿ.

ಅವರು ನಮ್ಮ ಕಾನ್ವೆಂಟಿನ ಸಿಸ್ಟರ್. ಶಿಡ್ಲಘಟ್ಟದಲ್ಲಿ ನಾನು ಏಳನೇ ಕ್ಲಾಸು ಓದುತ್ತಿದ್ದಾಗ ವಿಜ್ಞಾನ ಹೇಳಿಕೊಡುತ್ತಿದ್ದರು. ಮಂಗಳೂರು ಕಡೆಯವರು. "ಎಂತ ಮಾರಾಯ್ತಿ" ಎಂದು ಅವರು ಬಾಯಿ ತೆರೆದರೆ ಸಾಕು, ಇಡೀ ಕ್ಲಾಸು ಕಿಸಿಕಿಸಿ ನಗುತ್ತಿತ್ತು. ಅವರಿಗೆ ಕೋಪ ಬರುತ್ತಿರಲಿಲ್ಲ. ಊರಿನ ತುಂಬ ಹಬ್ಬಿದ್ದ, ರೇಷ್ಮೆಗೂಡು ಬೇಯಿಸುವ ವಾಸನೆ ಮಾತ್ರ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಕಿಟಕಿ ಪಕ್ಕ ಹೋದಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ನಮಗೆ ಬೇಜಾರಾದೀತೆಂದು ಸೀನು ಬಂದವರ ಹಾಗೆ ನಟಿಸುತ್ತಿದ್ದರು.

ಆ ವರ್ಷ ನಮ್ಮಮ್ಮನಿಗೆ ಎದೆಯ ಕಾಯಿಲೆ ಜೋರಾಗಿತ್ತು. ಹೃದಯದ ವಾಲ್ವು ಕೆಟ್ಟಿದೆ, ಆಪರೇಷನ್ ಆಗಲೇಬೇಕು ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಬಿಂದಿಗೆ ಎತ್ತಿದರೆ ತುಟಿ ನೀಲಿ ಆಗುತ್ತಿತ್ತು. ನಾನು ಮೊದಲೇ ಪುಕ್ಕಲಿ. ಅಮ್ಮ ಮಲಗಿದ್ದಾಗ ಹತ್ತಿರ ಹೋಗಿ ಉಸಿರಾಡುತ್ತಿದ್ದಾಳಾ ಎಂದು ನೋಡುತ್ತಿದ್ದೆ. ಅವಳು ಕಣ್ಣು ಬಿಡದೆಯೇ, "ಇದೀನಿ ಕಣೇ, ಹೋಗು ಓದ್ಕೋ" ಎನ್ನುತ್ತಿದ್ದಳು.

ಅಜ್ಜಿ ದಿಬ್ಬೂರಹಳ್ಳಿಯಿಂದ ಬಂದವರು ನಮ್ಮಲ್ಲೇ ಉಳಿದರು. ಬಂದವರೇ ಕೈವಾರದ ದೇವರಿಗೆ ಹರಕೆ ಕಟ್ಟಿದರು, ದರ್ಗಾದಿಂದ ದಾರ ತಂದು ಅಮ್ಮನ ತೋಳಿಗೆ ಬಿಗಿದರು. "ಯಾವ ದೇವ್ರು ಬಿಡುವಾಗಿದಾನೋ ಏನೋ, ಎಲ್ಲಾರ್ ಬಾಗ್ಲೂ ತಟ್ಟಣ" ಎಂದು ನನ್ನನ್ನು ಸಿಸ್ಟರ್ ಹತ್ತಿರ ಅಟ್ಟಿದರು. ನಾನು ಹೋಗಿ ಕೇಳಿದೆ. ಸಿಸ್ಟರ್ ತಕ್ಷಣ ಹೂಂ ಎನ್ನಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಆಯ್ತು" ಎಂದರು. ಅಷ್ಟು ಸಾಕಾಗಿತ್ತು ನನಗೆ. ದೇವರನ್ನೇ ಮದುವೆಯಾದವರು ಅವರು ಎಂದು ಅಜ್ಜಿ ಹೇಳಿದ್ದರಲ್ಲ, ಅವರ ಮಾತನ್ನು ದೇವರು ತೆಗೆದುಹಾಕುವುದುಂಟೇ?

ಆಮೇಲೆ ಆ ಹಾಳು ಸಿನಿಮಾ ಬಂತು. ಸ್ಕೂಲಿಗೆ ಹೊಸದಾಗಿ ಟೀವಿ, ಸೀಡಿ ಪ್ಲೇಯರು ತಂದಿದ್ದರು. ಶನಿವಾರ ಕ್ಲಾಸು ಮುಗಿದ ಮೇಲೆ ಸಿನಿಮಾ. ಸೀಡಿಯ ಕವರಿನ ಮೇಲೆ ಕೈಮುಗಿದ ಸನ್ಯಾಸಿನಿಯ ಚಿತ್ರ ನೋಡಿ, ಭಕ್ತಿಯ ಕತೆಯೇ ಇರಬೇಕೆಂದು ಮದರ್ ಒಂದು ಹಳೆಯ ಇಂಗ್ಲಿಷ್ ಚಿತ್ರ ಹಾಕಿಸಿದರು. ಮದರ್ ಎಂದರೆ ಕಾನ್ವೆಂಟಿಗೆ ಹಿರಿಯರು, ಅವರ ಮಾತಿಗೆ ಅಲ್ಲಿ ಎದುರಿಲ್ಲ. ಕಪ್ಪುಬಿಳುಪಿನ ಸಿನಿಮಾ, ಹಿಮ ಬೀಳುವ ಯಾವುದೋ ದೇಶ, ಒಂದು ಆಸ್ಪತ್ರೆ. ನಮಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ನಮ್ಮ ಸಿಸ್ಟರ್ ಟೀವಿ ಪಕ್ಕ ನಿಂತು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. "ಮಗುವಿಗೆ ಜ್ವರ ಉಂಟು. ಈ ಸಿಸ್ಟರ್ ಹೇಳ್ತಾಳೆ, ನಾನು ಪ್ರಾರ್ಥನೆ ಮಾಡ್ತೇನೆ, ನೀನು ಹೆದರ್ಬೇಡ ಅಂತ." ಆ ಸನ್ಯಾಸಿನಿ ಮೇಣದಬತ್ತಿ ಹಚ್ಚಿಟ್ಟು ಮೊಣಕಾಲೂರಿ ಕೂತಳು. ಕೂತೇ ಇದ್ದಳು. ಬೆಳಗಾಗುವ ಹೊತ್ತಿಗೆ ಮಗು ಸತ್ತುಹೋಯಿತು.

ಅವಳು ಅಳಲಿಲ್ಲ. ಎದ್ದು ಹೋಗಿ ಉರಿಯುವ ಬತ್ತಿಯನ್ನು ಎರಡು ಬೆರಳಲ್ಲಿ ಹಿಸುಕಿ ಆರಿಸಿದಳು. ಆಮೇಲೆ ನೇರ ನಮ್ಮ ಕಡೆ ತಿರುಗಿ ಏನೋ ಒಂದು ಮಾತು ಅಂದಳು.

ಸಿಸ್ಟರ್ ಬಾಯಿ ತೆರೆದರು... ಮಾತು ಹೊರಡಲಿಲ್ಲ. "ಏನಂದ್ಳು ಸಿಸ್ಟರ್?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಸಿಸ್ಟರ್ ಮುಖ ಬಿಳುಚಿಕೊಂಡಿತ್ತು. ಮದರ್ ದಡಬಡನೆ ಎದ್ದು ಬಂದು ಟೀವಿ ಆಫ್ ಮಾಡಿ, "ಸಾಕು, ಮನೆಗೆ ಹೋಗಿ" ಎಂದರು. ಆ ಸನ್ಯಾಸಿನಿಗೆ ಮುಂದೇನಾಯಿತೋ ನಮಗೆ ಯಾರೂ ಹೇಳಲಿಲ್ಲ. ನನಗಂತೂ ಭಾನುವಾರವೆಲ್ಲ ಅನ್ನ ಸೇರಲಿಲ್ಲ. ಸಿಸ್ಟರ್ ಪ್ರಾರ್ಥನೆ ಮಾಡಿದರೂ ಮಗು ಸತ್ತುಹೋಗುತ್ತದೆ ಅಂದರೆ ಏನರ್ಥ?

ಸೋಮವಾರ ಬೆಳಗ್ಗೆಯೇ ಅಪ್ಪ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಸ್ಕೂಲಿನ ಹತ್ತಿರ ಆಟೋ ನಿಲ್ಲಿಸಿ ನನ್ನನ್ನು ಇಳಿಸಿ, ಅಂಗಡಿಯಿಂದ ತಂದ ಒಂದು ದಪ್ಪ ಮೇಣದಬತ್ತಿಯನ್ನು ಸಿಸ್ಟರ್ ಕೈಗೆ ಕೊಟ್ಟರು. "ಇವ್ಳ ಹೆಸ್ರಲ್ಲಿ ಹಚ್ಬಿಡಿ ಸಿಸ್ಟರ್. ನಾಳೆ ಆಪರೇಷನ್ನು." ಅಷ್ಟೇ ಹೇಳಿದ್ದು. ವಾಪಸ್ಸು ಬರುವ ತನಕ ಅದು ಆರಬಾರದು ಎಂದು ಹೇಳಲಿಲ್ಲ. ನಮ್ಮಲ್ಲಿ ಅದನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಮನೆಯವರು ಆಸ್ಪತ್ರೆಯಲ್ಲಿದ್ದಾಗ ಹಚ್ಚಿದ ದೀಪ ನಂದಾದೀಪ. ಎಣ್ಣೆ ಹಾಕುತ್ತಾ ಕಾಯುತ್ತಾರೆ, ಊದುವ ಮಾತೇ ಇಲ್ಲ.

ಸಂಜೆ ಸ್ಕೂಲು ಬಿಟ್ಟ ಮೇಲೆ ಅಮ್ಮನ ಬತ್ತಿ ಉರಿಯುತ್ತಿದೆಯಾ ನೋಡೋಣವೆಂದು ಪ್ರಾರ್ಥನೆ ಕೋಣೆಗೆ ಹೋದೆ. ಪ್ರಾರ್ಥನೆ ಆಗತಾನೆ ಮುಗಿದು ಸಿಸ್ಟರ್ ಒಬ್ಬರೇ ಇದ್ದರು. ಬಾಗಿಲಲ್ಲಿ ನಾನು ಚಪ್ಪಲಿ ಬಿಡುತ್ತಿದ್ದಂತೆಯೇ ಅವರು ಸಾಲಾಗಿದ್ದ ಬತ್ತಿಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿಸುಕುತ್ತಾ ಬಂದರು. ಕೊನೆಯದು ಅಮ್ಮನದು. ಅದನ್ನೂ ಹಿಸುಕಿದರು. ಹೊಗೆ ಎದ್ದಿತು.

"ನಮ್ಮಮ್ಮನ್ನ ಯಾಕ್ ಆರ್ಸಿದ್ರಿ?" ಎಂದು ಕಿರುಚಿದೆ. ಆ ಕಿರುಚಾಟ ಈಗಲೂ ನನ್ನ ಕಿವಿಯಲ್ಲಿದೆ.

ಸಿಸ್ಟರ್ ಬೆಚ್ಚಿ ತಿರುಗಿದರು. ಓಡಿಬಂದು ನನ್ನನ್ನು ಹಿಡಿದುಕೊಂಡರು. ಪ್ರಾರ್ಥನೆ ಮುಗಿದ ಮೇಲೆ ಆರಿಸುವುದು ಅಲ್ಲಿಯ ರೂಢಿ, ಬೆಂಕಿಯ ಭಯಕ್ಕೆ, ಅದರಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಸಮಾಧಾನ ಮಾಡಿದರು. ನಾನು ಬಿಕ್ಕುತ್ತಲೇ ನಮ್ಮ ಕಡೆಯ ಪದ್ಧತಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖವೂ ನನ್ನಷ್ಟೇ ಹೆದರಿತು. ಕಡ್ಡಿ ಗೀರಿ ಮತ್ತೆ ಹಚ್ಚಿದರು. ಎರಡು ಕಡ್ಡಿ ಆರಿಹೋದವು. ಬತ್ತಿ ಹೊತ್ತಿಕೊಂಡ ಮೇಲೆ ನಾನು ಕೇಳಿಯೇಬಿಟ್ಟೆ.

"ಸಿನಿಮಾದಲ್ಲಿ ಆಯಮ್ಮ ಏನಂದ್ಳು ಸಿಸ್ಟರ್?"

ಸಿಸ್ಟರ್ ಆರಿದ ಕಡ್ಡಿಗಳನ್ನು ಆಯ್ದು ಪಕ್ಕಕ್ಕಿಟ್ಟರು. "ಎಷ್ಟು ಕರೆದರೂ ಆ ಕಡೆಯಿಂದ ಯಾರೂ ಓಗೊಡುದಿಲ್ಲ. ಅಲ್ಲಿ ಯಾರಾದ್ರೂ ಇದ್ದಾರಾ ಅಂತಲೇ ನಂಗೆ ಗೊತ್ತಿಲ್ಲ... ಹಾಗೆ ಹೇಳಿದ್ದು."

"ನಿಮ್ಗೂ ಹಂಗೇನಾ?"

ದೊಡ್ಡವರು ಇಂಥದ್ದಕ್ಕೆ ಸುಳ್ಳು ಹೇಳುತ್ತಾರೆ. ಅವರು ಹೇಳಲಿಲ್ಲ. "ಹೌದು ಮಗಾ. ಸುಮಾರು ಸಮಯ ಆಯ್ತು. ತುಟಿ ಮಾತ್ರ ಆಡ್ತದೆ."

"ಹಂಗಾದ್ರೆ ನಮ್ಮಮ್ಮಂಗೆ ಯಾರ್ ಬೇಡ್ಕೊಳ್ತಾರೆ?"

ಆರಿದ ಬತ್ತಿಗಳ ವಾಸನೆ ಕೋಣೆಯ ತುಂಬ ಇತ್ತು. ದೇವರ ಮನೆಯ ಬಾಗಿಲು ತೆಗೆದು ನೋಡಿದರೆ ಒಳಗೆ ಗೋಡೆಯೇ ಇಲ್ಲದ ಹಾಗೆ ಆಯಿತು ನನಗೆ. ಕೊನೆಗೆ ಅವರು, "ದೀಪ ಆರ್ಲಿಕ್ಕೆ ನಾನು ಬಿಡುದಿಲ್ಲ. ಅಷ್ಟು ನನ್ನ ಕೈಲಿ ಆಗ್ತದೆ" ಎಂದರು.

ಮನೆಗೆ ಹೋಗಿ ಅಜ್ಜಿಗೆ ಏನೂ ಹೇಳಲಿಲ್ಲ. "ಏಮೀ ಕಾದು ಪೋವೇ, ಏನೂ ಆಗಲ್ಲ, ಮೇರಿಯಮ್ಮ ಇದಾಳೆ" ಎಂದು ಅಜ್ಜಿ ತಲೆ ಸವರಿದರೆ ಇನ್ನಷ್ಟು ಅಳು ಬಂತು.

ಮರುದಿನ ಸ್ಕೂಲಿಗೆ ಹೋದವಳು ಕ್ಲಾಸಿಗೆ ಹೋಗದೆ ನೇರ ಆ ಕೋಣೆಗೆ ಹೋದೆ. ಸಿಸ್ಟರ್ ಬತ್ತಿಯ ಮುಂದೆ ಕೂತಿದ್ದರು. ಕಣ್ಣು ಕೆಂಪಗಾಗಿದ್ದವು, ನಿದ್ದೆ ಮಾಡಿದಂತಿರಲಿಲ್ಲ. ಅಪ್ಪ ಕೊಟ್ಟ ಬತ್ತಿ ತಳಕ್ಕೆ ಬಂದಿತ್ತು, ಅದರಿಂದಲೇ ಇನ್ನೊಂದನ್ನು ಹಚ್ಚಿಕೊಂಡಿದ್ದರು. ಕಿಟಕಿಯ ಚಿಲಕ ಮುರಿದು ಗಾಳಿ ನುಗ್ಗುತ್ತಿತ್ತು. ಗಾಳಿ ಬಂದಾಗಲೆಲ್ಲ ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು. ನನ್ನನ್ನು ಓಡಿಸಲಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಕ್ಲಾಸಿನ ಗಂಟೆ ಹೊಡೆಯಿತು, ಅವರು ಏಳಲಿಲ್ಲ. ಮದರ್ ಬಾಗಿಲಿಗೆ ಬಂದು, "ಸಿಸ್ಟರ್, ಮಕ್ಕಳು ಕಾಯ್ತಾ ಇದ್ದಾರೆ" ಎಂದರು. "ಇವತ್ತು ಆಗುದಿಲ್ಲ ಮದರ್." ಮದರಿಗೆ ಯಾರಾದರೂ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮದರ್ ಬಯ್ಯದೆ ತಿರುಗಿ ಹೋದರು. ಅದು ಇನ್ನೂ ಭಯ ಹುಟ್ಟಿಸಿತು.

ಪ್ರಾರ್ಥನೆಯೇ ಇಲ್ಲದ ಪ್ರಾರ್ಥನೆ ಕೋಣೆಯಲ್ಲಿ ನಾವಿಬ್ಬರೂ ಕೂತಿದ್ದೆವು. ಅವರ ತುಟಿ ಆಡುತ್ತಿದೆಯಾ ಎಂದು ನಾನು ಆಗಾಗ ನೋಡುತ್ತಿದ್ದೆ. ಆಡುತ್ತಿರಲಿಲ್ಲ. ಬತ್ತಿ ಒಂದು ಸಲ ಬಾಗಿದರೆ ಸಾಕು, ಬೆಂಗಳೂರಿನಲ್ಲಿ ಏನೋ ಆಗಿಹೋಯಿತು ಎಂದು ನನ್ನ ಎದೆ ಧಸಕ್ಕೆನ್ನುತ್ತಿತ್ತು. ಊಟದ ಹೊತ್ತು ಕಳೆದ ಮೇಲೆ ಆಫೀಸಿನಲ್ಲಿ ಫೋನು ಹೊಡೆದುಕೊಂಡಿತು. ನಾನು ಏಳಲಿಲ್ಲ. ಅವರೂ ಏಳಲಿಲ್ಲ. ನನ್ನ ಮಣಿಕಟ್ಟನ್ನು ಅವರು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಉಗುರಿನ ಗುರುತು ಉಳಿದಿತ್ತು.

ಮದರ್ ಮತ್ತೆ ಬಾಗಿಲಿಗೆ ಬಂದರು. "ಆಪರೇಷನ್ ಆಯ್ತಂತೆ. ತಾಯಿ ಕಣ್ಣು ಬಿಟ್ಟಿದ್ದಾರೆ."

ನಾನು ಹೋ ಎಂದು ಅತ್ತೆ. ಸಿಸ್ಟರ್ ತಲೆಯೆತ್ತಿ ಎದುರಿಗಿದ್ದ ಶಿಲುಬೆಯನ್ನು ನೋಡಿದರು. ಒಳಗಿನವರು ಈಗಲಾದರೂ ಬಾಗಿಲು ತೆಗೆಯುತ್ತಾರೇನೋ ಎಂದು ಕಾದು ನಿಂತವರ ನೋಟ ಅದು. ಆಮೇಲೆ ತಲೆ ತಗ್ಗಿಸಿಕೊಂಡರು. ಅವರ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು.

ಬೇಸಿಗೆ ರಜೆ ಮುಗಿಸಿ ಹೋದಾಗ ಅವರಿರಲಿಲ್ಲ. "ಊರಿಗೆ ಹೋದ್ರು" ಎಂದರು ಮದರ್, ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಯಾರಿಗಿತ್ತು? ಕೈವಾರಕ್ಕೆ ಹರಕೆ ತೀರಿಸಲು ಹೋಗಿದ್ದ ಅಜ್ಜಿ ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ನೋಡಿದ್ದರಂತೆ. ನಿಲುವಂಗಿ ಇರಲಿಲ್ಲ, ಸಾದಾ ಸೀರೆ, ಗಂಡುಹುಡುಗರ ಹಾಗೆ ಕತ್ತರಿಸಿದ ಕೂದಲು, ಕೈಯಲ್ಲೊಂದು ಬ್ಯಾಗು. ಅಜ್ಜಿ ಕರೆಯುವಷ್ಟರಲ್ಲಿ ಬಸ್ಸು ಹತ್ತಿಬಿಟ್ಟರು...

ಅಮ್ಮ ಇವತ್ತಿಗೂ ಎಲ್ಲರಿಗೂ ಹೇಳುವುದು, "ಆ ಸಿಸ್ಟರಮ್ಮನಿಂದ ಉಳ್ಕೊಂಡೆ" ಎಂದೇ. ಸಂಜೆ ದೇವರ ದೀಪದ ಪಕ್ಕ ಒಂದು ಮೇಣದಬತ್ತಿಯನ್ನೂ ಹಚ್ಚುತ್ತಾಳೆ. ಹರಕೆ ಇರಬೇಕು ಎಂದುಕೊಂಡಿದ್ದೆ. ಸಿಸ್ಟರ್ ಅಂದು ಒಂದು ಮಾತೂ ಬೇಡಿಕೊಳ್ಳಲಿಲ್ಲ ಎಂದು ಅಮ್ಮನಿಗೆ ತಿಳಿದರೆ ಆ ರಿಪೇರಿಯಾದ ಹೃದಯ ನಿಂತೇಹೋದೀತು ಎಂಬ ಭಯಕ್ಕೆ ಇಷ್ಟು ವರ್ಷ ಬಾಯಿ ಹೊಲಿದುಕೊಂಡಿದ್ದೆ.

ಮೊನ್ನೆ ಹುಟ್ಟುಹಬ್ಬಕ್ಕೆಂದು ಅಮ್ಮ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಿದ್ದಳು. ಮಕ್ಕಳೆಲ್ಲ ಹೋದ ಮೇಲೆ ತಾನು ತಂದಿದ್ದ ಬತ್ತಿ ಹಚ್ಚುತ್ತಾ ಕೂತಳು. ನನಗೆ ತಡೆಯಲಾಗಲಿಲ್ಲ. "ಅಮ್ಮ, ಆ ಸಿಸ್ಟರ್ ಅವತ್ತು ಪ್ರಾರ್ಥನೆ ಮಾಡ್ಲೇ ಇಲ್ಲ."

"ಗೊತ್ತು ಕಣೇ" ಎಂದಳು ಅಮ್ಮ, ಬತ್ತಿಯ ಮೇಲಿನ ಕಣ್ಣು ತೆಗೆಯದೆ. "ಹೋಗೋಕ್ ಮುಂಚೆ ಮನೇಗ್ ಬಂದಿದ್ರು. ನೀನು ಆಟಕ್ಕೋಗಿದ್ದೆ. ಕೈ ಹಿಡ್ಕೊಂಡು ಅತ್ರು. ನೀವು ಉಳ್ಕೊಂಡ್ರಿ, ನಂಗೆ ಮಾತ್ರ ಆವಾಗ್ಲೂ ದೇವ್ರು ಓಗೊಡ್ಲಿಲ್ಲ ಅಂದ್ರು. ಪಾಪ, ಮುಂದೇನ್ ಮಾಡ್ಬೇಕೋ ಅಂತ ಆಯಮ್ಮಂಗೆ ನಡುಕ. ಬಿಡಿ ತಾಯಿ, ನಿಮ್ ಪಾಲಿಂದು ನಾನ್ ಬೇಡ್ಕೊಳ್ತೀನಿ ಅಂದೆ. ಇದು ಅವ್ರ ಹೆಸ್ರಿಂದು."

ಸಿಸ್ಟರ್ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ನಮಗೆ ತಿಳಿಯುವ ದಾರಿಯೇ ಇಲ್ಲ. ಒಂದು ಸಲ ಕೂಡ ಅವರಿಗೆ ಕೈಮುಗಿಯಲಾಗಲಿಲ್ಲ ನನಗೆ. ಮಗಳು ಒಳಗೆ ಬಂದು, "ಅಬ್ಬಾ ಸೆಕೆ" ಎಂದು ಫ್ಯಾನು ಹಾಕಿದಳು. ಬತ್ತಿ ಒಂದು ಕಡೆಗೆ ಬಾಗಿತು. ಓಡಿಹೋಗಿ ಎರಡೂ ಕೈ ಅಡ್ಡ ಹಿಡಿದು, "ಫ್ಯಾನ್ ಆಫ್ ಮಾಡಮ್ಮ, ಬೇಗ ಆಫ್ ಮಾಡು" ಎಂದೆ.