ಗಳಿಗೆ ಬಟ್ಟಲಿನ ಬೈಗುಳ

ಎರಡು ವರ್ಷದ ಕೆಳಗೆ, ಮಕ್ಕಳಿಗೆ ವಿಜ್ಞಾನ ಕಲಿಸುವ ವಿಡಿಯೊ ಗೇಮ್ ಒಂದರಲ್ಲಿ ನಾನು ತಾಮ್ರದ ಬಟ್ಟಲಾಗಿದ್ದೆ. ಬಟ್ಟಲು ಅಂದರೆ ಅದರ ದನಿ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರು. ಆ ಆಟ ತಯಾರಿಸುತ್ತಿದ್ದ ಇಬ್ಬರು ಹುಡುಗಿಯರು ಕನ್ನಡ ಚೆನ್ನಾಗಿ ಓದುವವರನ್ನು ಹುಡುಕಿಕೊಂಡು ನಮ್ಮ ಶಾಲೆಗೆ ಬಂದರು. ಹೆಡ್ ಮಾಸ್ಟರು ನನ್ನನ್ನು ತೋರಿಸಿದರು. ಸ್ಟಾಫ್ ರೂಮಿನಲ್ಲಿ ನಾನು ಆಡಿದ್ದು ಗೇಟಿನವರೆಗೂ ಕೇಳುತ್ತೆ ಅನ್ನುವುದೇ ಅವರು ಕೊಟ್ಟ ಶಿಫಾರಸು.

ಆಟದಲ್ಲಿ ಹಳೇ ಕಾಲದ ಒಂದು ಊರು. ನೆರಳು ನೋಡಿ ಹೊತ್ತು ಹೇಳುವ ಕಂಬ, ನಕ್ಷತ್ರ ಅಳೆಯುವ ಹಿತ್ತಾಳೆ ಚಕ್ರ, ಎಲ್ಲವೂ ಮಾತಾಡುತ್ತವೆ. ನನ್ನ ಪಾಲಿಗೆ ಬಂದದ್ದು ಗಳಿಗೆ ಬಟ್ಟಲು. ಗಡಿಯಾರ ಇಲ್ಲದ ಕಾಲದಲ್ಲಿ, ತಳಕ್ಕೆ ಸಣ್ಣ ತೂತು ಕೊರೆದ ತೆಳು ತಾಮ್ರದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಡುತ್ತಿದ್ದರು. ತೂತಿನಿಂದ ನೀರು ಏರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, ಅಂದರೆ ಇಪ್ಪತ್ತನಾಲ್ಕು ನಿಮಿಷ. ಕೂಡಲೇ ಜಾಗಟೆ ಬಾರಿಸಿ, ಬಟ್ಟಲನ್ನು ಎತ್ತಿ ಮತ್ತೆ ತೇಲಿಬಿಡಬೇಕು. ಅಷ್ಟು ಹೊತ್ತು ಯಾವ ಮಗು ಕಾಯುತ್ತೆ ಅಂತ ಆಟದಲ್ಲಿ ಅದನ್ನು ಒಂದು ನಿಮಿಷಕ್ಕೆ ಇಳಿಸಿದ್ದರು. ಆಡುವವರು ಮೈಮರೆತು ಜಾಗಟೆ ಬಾರಿಸದಿದ್ದರೆ ಊರಿನಲ್ಲಿ ನಡೆಯುತ್ತಿರುವ ಮದುವೆಯ ಮುಹೂರ್ತ ತಪ್ಪುತ್ತೆ, ಅವರು ಸೋತ ಹಾಗೆ.

ಸೋತವರಿಗೆ ನಾನು ಹೇಳಬೇಕಿದ್ದ ಮಾತು, "ಸಮಯ ಮೀರಿದೆ, ದಯವಿಟ್ಟು ಪುನಃ ಪ್ರಯತ್ನಿಸಿ." ಹೊರಗಿನ ಸದ್ದು ಬರದ ಹಾಗೆ ಶಾಲೆಯ ಲ್ಯಾಬಿನ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಅದನ್ನೇ ಹೇಳಿದ್ದೇ ಹೇಳಿದ್ದು. ಎಷ್ಟು ಸಲ ಹೇಳಿದರೂ ರೈಲು ತಡ ಅಂತ ಸ್ಟೇಷನ್ನಿನಲ್ಲಿ ಕೂಗಿದ ಹಾಗೇ ಬರುತ್ತಿತ್ತು. ಬೇಸರವಾಗಿ ಟೀ ಕುಡಿಯುತ್ತ ಕೂತಾಗ, ನಮ್ಮವ್ವ ಬಟ್ಟಲಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ ಅಂದೆ. ಮತ್ತೆ ಹೇಗೆ ಅಂತ ಆ ಹುಡುಗಿಯರು ಕೇಳಿದರು. ಅವ್ವನ ದನಿ ತೆಗೆದೆ.

"ಎಲ್ಲಿ ಹಾಳಾಗಿ ಹೋಗಿದ್ದೆ? ನಾನು ಮುಳುಗಿ ಎಷ್ಟೊತ್ತಾತು. ಅಲ್ಲಿ ಮದುವೆ ಗಂಡು ಬಾಸಿಂಗ ಕಟ್ಕಂಡು ಬೆವರ್ತಾ ನಿಂತಾನೆ, ಇಲ್ಲಿ ನೀನು ನೊಣ ಹೊಡೀತಾ ಕುಂತಿದೀಯಾ?"

ಮೈಕು ಆಫ್ ಆಗಿರಲಿಲ್ಲ. ಸೋತವರಿಗೆ ಇದೇ ಇರಲಿ, ಇಂಥವೇ ಇನ್ನೊಂದಿಷ್ಟು ಬೇಕು ಅಂದರು ಹುಡುಗಿಯರು. ಬಾಲ್ಯವಿಡೀ ತಿಂದ ಬೈಗುಳ ಒಳಗೆ ಹಾಗೇ ಇತ್ತು, ಧಾರಾಳವಾಗಿ ಕೊಟ್ಟೆ.

ಆಟ ಶಾಲೆಯ ಟ್ಯಾಬುಗಳಿಗೂ ಮನೆಯ ಫೋನುಗಳಿಗೂ ಬಂದ ಕೆಲವೇ ವಾರದಲ್ಲಿ ಹೆಡ್ ಮಾಸ್ಟರು ನನ್ನನ್ನು ಕರೆಸಿದರು. ಬೇರೆಲ್ಲ ಹಂತ ಸರಾಗ ದಾಟಿದ ಒಂಬತ್ತನೇ ಕ್ಲಾಸಿನ ಮಕ್ಕಳು ಗಳಿಗೆ ಬಟ್ಟಲಿನ ಹತ್ತಿರ ಬಂದು ಸೋಲುತ್ತಲೇ ಇದ್ದರು. ಲೋಕದ ಸಕಲ ಸೋಲಿಗೂ ಸ್ಪೆಷಲ್ ಕ್ಲಾಸೇ ಮದ್ದು ಅಂತ ನಂಬಿದವರು ಅವರು. ಶನಿವಾರ ಒಂದು ತಗೊಳ್ಳಿ ಅಂದರು. ಬಕೆಟ್ ನೀರು, ತೂತು ಮಾಡಿದ ತೆಂಗಿನ ಚಿಪ್ಪು ಇಟ್ಟುಕೊಂಡು ಪಾಠ ಮಾಡಿದೆ. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಬಂತು. ಆಮೇಲೆ ಟ್ಯಾಬು ಕೊಟ್ಟರೆ ಮತ್ತೆ ಎಲ್ಲರೂ ಸೋತರು.

ಆಗ ಹಿಂದಿನ ಬೆಂಚಿನ ಪಕ್ಕ ಹೋಗಿ ನಿಂತು ನೋಡಿದೆ. ಬಟ್ಟಲು ನಿಧಾನ ಮುಳುಗುತ್ತಿತ್ತು, ಒಬ್ಬರೂ ಜಾಗಟೆ ಮುಟ್ಟುತ್ತಿರಲಿಲ್ಲ. ಟ್ಯಾಬನ್ನು ಕಿವಿ ಹತ್ತಿರ ಹಿಡಿದು ಕಾಯುತ್ತಿದ್ದರು. "ಎಲ್ಲಿ ಹಾಳಾಗಿ ಹೋಗಿದ್ದೆ?" ಅಂದ ಕೂಡಲೇ ಬೆಂಚಿಗೆ ಬೆಂಚೇ ಬಾಗಿ ನಗುತ್ತಿತ್ತು. ಕ್ಲಾಸಿಗೇ ಜಾಣೆಯಾದ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಗೆದ್ರೆ ಅದು ಬರೇ ಅಭಿನಂದನೆಗಳು ಅಂತೈತೆ ಮಿಸ್. ಗೆದ್ದು ಏನ್ ಮಾಡಾದು?"

ಮಕ್ಕಳಿಗೆ ವಿಷಯದಲ್ಲಿ ಬಹಳ ಆಸಕ್ತಿ ಇದೆ, ಇನ್ನೂ ಸ್ವಲ್ಪ ಕಾಲ ಬೇಕು ಅಂತ ಮಾತ್ರ ಹೆಡ್ ಮಾಸ್ಟರಿಗೆ ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಯಲ್ಲೂ ಇದೇ ಕತೆ. ನಮ್ಮ ಯಜಮಾನರು ಎಣ್ಣೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಫೋನಿಟ್ಟುಕೊಂಡು ಬಟ್ಟಲು ಮುಳುಗಿಸುತ್ತಿದ್ದರು. ಮನೆಯಲ್ಲಿ ಬೈಸಿಕೊಂಡರೆ ಪೂರ್ತಿ ಕೇಳಲೇಬೇಕು, ಆಟದಲ್ಲಾದರೆ ನಡುವೆ ನಿಲ್ಲಿಸಬಹುದು ಅನ್ನುವುದು ಅವರ ಸಮರ್ಥನೆ.

ಅಷ್ಟರಲ್ಲಿ ಸುದ್ದಿ ಮೊಳಕಾಲ್ಮೂರಿಗೂ ಹೋಯಿತು. ನನ್ನ ತವರು ಅಲ್ಲಿ; ಅಣ್ಣನದು ರೇಷ್ಮೆ ಸೀರೆ ವ್ಯಾಪಾರ, ಅವ್ವ ಅವನ ಜೊತೆಗಿದ್ದಾಳೆ. ಒಂದು ದಿನ ಹಿತ್ತಲಲ್ಲಿ ಹುಣಸೇಹಣ್ಣು ಬಿಡಿಸುತ್ತ ಕೂತಿದ್ದವಳಿಗೆ ಗೋಡೆಯಾಚೆ ತಾನೇ ಯಾರನ್ನೋ ಬೈಯುತ್ತಿರುವುದು ಕೇಳಿಸಿತಂತೆ. ಪಕ್ಕದ ಮನೆಗೆ ಹೋಗಿ ನೋಡಿದರೆ ಮಕ್ಕಳ ಕೈಯಲ್ಲಿ ಫೋನು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಚಳ್ಳಕೆರೆಗೆ ಬಂದಳು.

ಬಾಗಿಲಲ್ಲಿ ಅವಳ ಮುಖ ನೋಡಿದ ಕೂಡಲೇ ಮಜ್ಜಿಗೆ ತರಲು ಒಳಗೆ ಓಡಿದೆ. ಅವ್ವ ಮಜ್ಜಿಗೆ ಕುಡಿದಳು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು, ಆಮೇಲೆ ಆ ಬಟ್ಟಲು ಹಾಕು ಅಂತ ಅಳಿಯನಿಗೆ ಹೇಳಿದಳು. ಕಣ್ಣು ಮುಚ್ಚಿಕೊಂಡು ಎಲ್ಲ ಬೈಗುಳ ಕೇಳಿದಳು. ನಾನು ಒಳಗೇ ನೆಪ ಹುಡುಕುತ್ತಿದ್ದೆ.

"ಇದು ಬೈಗುಳನೇನೇ?" ಅಂದಳು. "ಇಷ್ಟು ಮೆತ್ತಗೆ ಬೈದ್ರೆ ಯಾರು ಎದ್ದು ಜಾಗಟಿ ಬಾರಿಸ್ತಾರೆ?"

ಆಟದ ಹುಡುಗಿಯರಿಗೆ ಫೋನ್ ಮಾಡಿದೆ. ಬೇರೆ ಶಾಲೆಗಳಲ್ಲೂ ಮಕ್ಕಳು ಅಲ್ಲೇ ಕೂತಿದ್ದಾರೆ ಅಂತ ಅವರಿಗೂ ಚಿಂತೆಯಾಗಿತ್ತು. ಮಾತಾಡಿ ಒಂದು ದಾರಿ ಕಂಡುಕೊಂಡೆವು. ಸೋತವರಿಗೆ ನನ್ನ ದಯವಿಟ್ಟು ಪುನಃ ಪ್ರಯತ್ನಿಸಿ. ಗೆದ್ದವರಿಗೆ ಅವ್ವನದೇ ದನಿಯಲ್ಲಿ ಬೈಗುಳ.

ಆದರೆ ಮೈಕಿನ ಮುಂದೆ ಕೂತ ಅವ್ವ ಒಪ್ಪಲಿಲ್ಲ. ತಪ್ಪು ಮಾಡದವರನ್ನು ಬೈಯುವ ಅಭ್ಯಾಸ ತನಗಿಲ್ಲ ಅಂದಳು. ಅದು ಅಷ್ಟು ನಿಜವಲ್ಲ. ಬೇಕಾದರೆ ನಾಕು ಬುದ್ಧಿಮಾತು ಹೇಳುತ್ತೇನೆ ಅಂತ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

"ಬಾರಿಸ್ದೆ, ಸರಿ. ಅದಕ್ಕೆ ಅಷ್ಟೊಂದು ಮೆರೀಬ್ಯಾಡ. ಇನ್ನೊಂದು ಗಳಿಗೆ ಐತೆ, ಕಣ್ಣು ಬಿಟ್ಕಂಡು ಕುತ್ಕ. ನಿಮ್ಮಪ್ಪನಂಗೆ ತೂಕಡಿಸಬ್ಯಾಡ."

ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಅವ್ವ ಗಡಿ ಸೀಮೆಯವಳು, ಬಿಸಿ ಏರಿದಂತೆ ಮಾತು ತೆಲುಗಿಗೆ ಹೊರಳಿತು. ಅದನ್ನು ತೆಗೆಯಬೇಡಿ ಅಂತ ನಾನೇ ಹೇಳಿದೆ. ಮನೆಯಲ್ಲಿ ತೆಲುಗಾಡುವ ರಾಂಪುರದ ಕಡೆಯ ಮಕ್ಕಳಿಗೆ ಅದೇ ಎಲ್ಲಕ್ಕಿಂತ ಹಿಡಿಸಿತು ಅಂತ ಆಮೇಲೆ ಗೊತ್ತಾಯಿತು.

ಹೊಸ ದನಿ ಬಂದ ವಾರದಲ್ಲೇ ಒಂಬತ್ತನೇ ಕ್ಲಾಸು ಪೂರ್ತಿ ಬಟ್ಟಲಿನ ಹಂತದಲ್ಲಿ ಪಾಸು. ಸ್ಪೆಷಲ್ ಕ್ಲಾಸಿನ ಮಹಿಮೆಯನ್ನು ಹೆಡ್ ಮಾಸ್ಟರು ಮೀಟಿಂಗಿನಲ್ಲಿ ಬಹಳ ಹೊತ್ತು ವಿವರಿಸಿದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಮೊನ್ನೆ ಅವ್ವ ಬಂದಿದ್ದಾಗ, ಆ ಬಟ್ಟಲು ಪ್ರತಿ ಸಲ ಅಷ್ಟೇ ಹೊತ್ತಿಗೆ ಹೆಂಗೆ ಮುಳುಗ್ತೈತೆ ಅಂತ ಕೇಳಿದಳು. ಎಲ್ಲ ತೂತಿನ ಅಳತೆಯ ಮೇಲಿದೆ, ತೂತು ದೊಡ್ಡದಾದರೆ ಗಳಿಗೆ ಬೇಗ ತುಂಬುತ್ತೆ, ಮುಹೂರ್ತ ಬಂದೇಬಿಟ್ಟಿತು ಅನ್ನಿಸುತ್ತೆ ಅಂದೆ. ಅವ್ವ ತಲೆಯಾಡಿಸುತ್ತ ಎಲೆಗೆ ಸುಣ್ಣ ಹಚ್ಚಿದಳು.

"ನಾನು ಹೂಂ ಅನ್ನೋದ್ರೊಳಗೇ ತಾಳಿ ಬಿದ್ದಿತ್ತು. ನನ್ನ ಮದುವೇಲಿ ದೊಡ್ಡ ತೂತೇ ಕೊರೆದಿದ್ರು ಅನ್ನು," ಅಂದಳು.